ಜೀಪಿನ ಕೊನೆಯ ಗೇರ್

ಹಳೆಯ ವಿಲ್ಲೀಸ್ ಮಾದರಿಯ ಜೀಪಿಗೆ ಎಷ್ಟು ಗೇರ್ ಎಂದು ಕೇಳಿದರೆ ಪಿರಿಯಾಪಟ್ಟಣದ ಯಾವ ಡ್ರೈವರ್ ಕೂಡ ತಡವರಿಸುವುದಿಲ್ಲ. ಮುಂದಕ್ಕೆ ಮೂರು, ಹಿಂದಕ್ಕೆ ಒಂದು. ಅದರ ಪಕ್ಕದಲ್ಲೇ ಎರಡು ಗಿಡ್ಡ ಕಡ್ಡಿಗಳು: ಒಂದು ಮುಂದಿನ ಗಾಲಿಗಳಿಗೂ ಎಳೆತ ಕೊಡಲು, ಇನ್ನೊಂದು ‘ಹೈ’ ಮತ್ತು ‘ಲೋ’ ಬದಲಾಯಿಸಲು. ಲೆಕ್ಕ ಸರಿಯಾಗಿಯೇ ಇದೆ, ಆದರೆ ಒಂದು ಗೇರ್ ಬಿಟ್ಟುಹೋಗಿದೆ. ಅದಕ್ಕೆ ಹಲ್ಲುಗಳಿಲ್ಲ, ಆಯಿಲ್ ಬೇಕಿಲ್ಲ, ಅದು ಕಬ್ಬಿಣದ್ದೂ ಅಲ್ಲ. ಅದೇ ಟೈರು.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕಡೆ ಜೀಪು ಶೋಕಿಯ ವಸ್ತುವಾಗುವ ಮೊದಲು ದುಡಿಮೆಯ ವಸ್ತುವಾಗಿತ್ತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಸಾಗಿಸಲು, ಮಳೆಗಾಲದಲ್ಲಿ ಕೆಸರಾದ ಗಾಡಿದಾರಿಯಲ್ಲಿ ಮನೆ ಸೇರಲು, ಕಾಡಂಚಿನ ಊರಿನಿಂದ ರೋಗಿಯನ್ನು ತಾಲ್ಲೂಕು ಆಸ್ಪತ್ರೆಗೆ ತರಲು ಇದೇ ಗಾಡಿ ಬೇಕಿತ್ತು. ಈಗಲೂ ಅಲ್ಲಲ್ಲಿ ಇಂಥ ಜೀಪುಗಳು ಓಡುತ್ತಿವೆ. ಇವುಗಳ ಮಾಲೀಕರಿಗೆ ಆಗಾಗ ಬರುವ ಆಸೆ ಒಂದೇ: ದೊಡ್ಡ ಟೈರು ಹಾಕಿಸಬೇಕು. ಗಾಡಿ ಎತ್ತರವಾಗಿ ಕಾಣುತ್ತದೆ, ಕೆಸರಿನಲ್ಲಿ ಹೂತುಕೊಳ್ಳುವುದಿಲ್ಲ ಎಂಬ ನಂಬಿಕೆ. ಸಾಲ ಮಾಡಿ ಐದು ಟೈರು ಹಾಕಿಸಿದ ಮೇಲೆ ಎರಡನೇ ಮಳೆಗಾಲಕ್ಕೆ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರತೊಡಗಿದರೆ ಬೈಗುಳ ತಿನ್ನುವವನು ಮೆಕ್ಯಾನಿಕ್. ತಪ್ಪು ಇರುವುದು ಗುಣಾಕಾರ, ಭಾಗಾಕಾರದಲ್ಲಿ.

1945ರ ಒಂದು ಪಾಠ

ಎರಡನೇ ಮಹಾಯುದ್ಧದಲ್ಲಿ ಹೆಸರು ಮಾಡಿದ ಜೀಪಿನ ಮಾದರಿ ವಿಲ್ಲೀಸ್ ಎಂಬಿ. ಅದರ ಆಕ್ಸಲ್‌ನೊಳಗಿನ ಕ್ರೌನ್ ಚಕ್ರಕ್ಕೆ 39 ಹಲ್ಲು, ಅದನ್ನು ತಿರುಗಿಸುವ ಪಿನಿಯನ್‌ಗೆ 8 ಹಲ್ಲು. 39ನ್ನು 8ರಿಂದ ಭಾಗಿಸಿದರೆ ಸುಮಾರು 4.88. ಅಂದರೆ ಪ್ರೊಪೆಲ್ಲರ್ ಶಾಫ್ಟ್ 4.88 ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು ತಿರುಗುತ್ತದೆ. ಟೈರು 6.00-16 ಅಳತೆಯದು.

1945ರಲ್ಲಿ ಯುದ್ಧ ಮುಗಿಯಿತು. ಕಂಪೆನಿ ಅದೇ ಜೀಪನ್ನು ರೈತರಿಗೆ ಮಾರಲು ಹೊರಟಿತು. ನೇಗಿಲು ಎಳೆಯಬೇಕು, ಟ್ರೇಲರ್ ಎಳೆಯಬೇಕು, ಆದರೆ ಸೈನ್ಯದ ಓಟ ಬೇಡ. ಸಿಜೆ-2ಎ ಎಂಬ ಈ ನಾಗರಿಕ ಜೀಪಿನಲ್ಲಿ ಕ್ರೌನ್‌ಗೆ 43, ಪಿನಿಯನ್‌ಗೆ 8 ಹಲ್ಲು ಕೊಡಲಾಯಿತು. ಪ್ರಮಾಣ 5.38 ಆಯಿತು. ‘ಲೋ’ ಗೇರನ್ನೂ ಸುಮಾರು 2ರಿಂದ ಎರಡೂವರೆಯ ಹತ್ತಿರಕ್ಕೆ ಒಯ್ದರು. ಗಾಡಿಯ ವೇಗ ತಗ್ಗಿತು, ಎಳೆಯುವ ಶಕ್ತಿ ಹೆಚ್ಚಿತು. ಮಹೀಂದ್ರ ಕಂಪೆನಿ ಮುಂಬೈಯಲ್ಲಿ ತಯಾರಿಸಿ ನಮ್ಮ ಹಳ್ಳಿಗಳಿಗೆ ತಲುಪಿಸಿದ ಸಿಜೆ-3ಬಿ ಜೀಪು ಇದೇ ವಂಶದ್ದು. ಅದರಲ್ಲೂ ಸಾಮಾನ್ಯವಾಗಿ ಕಾಣುವ ಪ್ರಮಾಣ 5.38.

ಈಗ ಟೈರಿಗೆ ಬರೋಣ. 6.00-16 ಎಂದರೆ ಟೈರಿನ ಅಗಲ 6 ಅಂಗುಲ, ರಿಮ್ಮಿನ ವ್ಯಾಸ 16 ಅಂಗುಲ. ಇಂಥ ಹಳೆಯ ಅಳತೆಯ ಟೈರುಗಳಲ್ಲಿ ಎತ್ತರವೂ ಹೆಚ್ಚುಕಡಿಮೆ ಅಗಲದಷ್ಟೇ. ಆದ್ದರಿಂದ ಇಡೀ ಗಾಲಿಯ ವ್ಯಾಸ 16ಕ್ಕೆ ಎರಡು ಸಲ 6 ಕೂಡಿಸಿದರೆ ಸುಮಾರು 28 ಅಂಗುಲ. ಈ ಜಾಗಕ್ಕೆ 31 ಅಂಗುಲದ ಟೈರು ಬಂತೆನ್ನಿ. 5.38ನ್ನು 28ರಿಂದ ಗುಣಿಸಿ 31ರಿಂದ ಭಾಗಿಸಿದರೆ ಬರುವ ಉತ್ತರ 4.86.

ಈ ಸಂಖ್ಯೆ ಈಗಾಗಲೇ ಪರಿಚಯವಾಗಿದೆ. ಯುದ್ಧಕಾಲದ ಜೀಪಿನದು 4.88. ರೈತನಿಗಾಗಿ ವಿಲ್ಲೀಸ್ ಎಂಜಿನಿಯರುಗಳು 1945ರಲ್ಲಿ ಏನು ಕೊಟ್ಟಿದ್ದರೋ ಅದನ್ನು ಮೂರು ಅಂಗುಲದ ರಬ್ಬರು ಪೂರ್ತಿ ಹಿಂದಕ್ಕೆ ಕಿತ್ತುಕೊಳ್ಳುತ್ತದೆ. ಗೇರ್‌ಬಾಕ್ಸನ್ನು ಯಾರೂ ಬಿಚ್ಚಿಲ್ಲ, ಆದರೂ ಅದರ ಎಲ್ಲ ಗೇರುಗಳೂ ಬದಲಾಗಿವೆ.

ಎತ್ತಿನ ನಡಿಗೆ

ಇದು ಹೇಗೆಂದು ನೆಲದ ಮೇಲೆ ನೋಡಬಹುದು. ಭಾರ ಹೊತ್ತ 6.00-16 ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಸಾಗುತ್ತದೆ. ಜೀಪಿನ ಒಂದನೇ ಗೇರ್ ಸುಮಾರು 2.8, ‘ಲೋ’ ಸುಮಾರು 2.46, ಆಕ್ಸಲ್ 5.38. ಮೂರನ್ನೂ ಗುಣಿಸಿದರೆ 37. ಎಂಜಿನ್ 37 ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು. ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗುವಾಗ ಗಾಲಿ 27 ಸುತ್ತು, ದಾರಿ 59 ಮೀಟರ್. ಗಂಟೆಗೆ ಮೂರೂವರೆ ಕಿಲೋಮೀಟರ್, ಅಂದರೆ ಎತ್ತಿನ ನಡಿಗೆ. ಕೆಸರಿನಲ್ಲಿ, ಕಲ್ಲುದಾರಿಯಲ್ಲಿ ಬೇಕಾದದ್ದು ಈ ನಡಿಗೆಯೇ. 31 ಅಂಗುಲದ ಟೈರು ಹಾಕಿದರೆ ಅದೇ ಎಂಜಿನ್ ವೇಗದಲ್ಲಿ ಗಾಡಿ ಸುಮಾರು ನಾಲ್ಕು ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ವೇಗ ಹೆಚ್ಚಿತಲ್ಲ, ಒಳ್ಳೆಯದೇ ಎನ್ನಿಸಬಹುದು. ಆದರೆ ಎಂಜಿನ್ನಿನ ಶಕ್ತಿ ಅಷ್ಟೇ ಇದೆ. ವೇಗದಲ್ಲಿ ಸಿಕ್ಕಿದ್ದು ಎಳೆತದಲ್ಲಿ ಹೋಗಿರುತ್ತದೆ.

ಹಾರೆಯಿಂದ ಬಂಡೆ ಮೀಟುವವರಿಗೆ ಇದು ಗೊತ್ತು. ಕೈ ಹಿಡಿದ ತುದಿ ಉದ್ದವಾದಷ್ಟೂ ಕೆಲಸ ಹಗುರ, ಬಂಡೆಯ ಕಡೆಯ ತುದಿ ಉದ್ದವಾದಷ್ಟೂ ಕೆಲಸ ಭಾರ. ಆಕ್ಸಲ್ಲಿನ ನಡುವಿನಿಂದ ನೆಲದವರೆಗಿನ ದೂರ ಇಲ್ಲಿ ಬಂಡೆಯ ಕಡೆಯ ತುದಿ. 14 ಅಂಗುಲ ಇದ್ದದ್ದು ಹದಿನೈದೂವರೆ ಆದರೆ ನೆಲವನ್ನು ಒದೆಯುವ ಬಲ ನೂರಕ್ಕೆ ಹತ್ತರಷ್ಟು ಇಳಿಯುತ್ತದೆ. ಆ ಕೊರತೆಯನ್ನು ಡ್ರೈವರ್ ಕ್ಲಚ್ಚನ್ನು ಹೆಚ್ಚು ಹೊತ್ತು ಅರೆ ಒತ್ತಿ ಹಿಡಿದು ತುಂಬಿಕೊಳ್ಳುತ್ತಾನೆ. ಸುಟ್ಟ ವಾಸನೆ ಹುಟ್ಟುವುದು ಅಲ್ಲಿ.

ಇಳಿಜಾರಿನಲ್ಲಿ ವಿಷಯ ಇನ್ನೂ ಗಂಭೀರ. ಮಡಿಕೇರಿಯಿಂದ ಸಂಪಾಜೆ ಕಡೆಗೆ ಘಟ್ಟ ಇಳಿಯುವಾಗ ಅನುಭವಸ್ಥ ಡ್ರೈವರ್ ಎರಡನೇ ಗೇರಿನಲ್ಲಿಟ್ಟು ಎಂಜಿನ್ನಿನಿಂದಲೇ ಗಾಡಿಯನ್ನು ತಡೆಯುತ್ತಾನೆ. ದೊಡ್ಡ ಟೈರು ಈ ತಡೆಯನ್ನೂ ಅಷ್ಟೇ ಪ್ರಮಾಣದಲ್ಲಿ ಕಡಿಮೆ ಮಾಡುತ್ತದೆ. ಬ್ರೇಕಿಗೂ ಇದೇ ಗತಿ. ಡ್ರಮ್ಮಿನ ಹಿಡಿತ ಮೊದಲಿನಷ್ಟೇ, ಆದರೆ ಅದು ಹಿಡಿಯಬೇಕಾದ ಗಾಲಿ ಮಾತ್ರ ದೊಡ್ಡದು. ಜೊತೆಗೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ. ಈ ಜೀಪುಗಳಲ್ಲಿ ಅದು ಎಣಿಸುವುದು ಟ್ರಾನ್ಸ್‌ಫರ್ ಕೇಸಿನಿಂದ ಹೊರಡುವ ಶಾಫ್ಟಿನ ಸುತ್ತುಗಳನ್ನು, ಗಾಲಿಯ ಸುತ್ತುಗಳನ್ನಲ್ಲ. ಮುಳ್ಳು 50 ತೋರಿಸುವಾಗ ಗಾಡಿ 55ರಲ್ಲಿ ಓಡುತ್ತಿರುತ್ತದೆ.

ಇಷ್ಟೆಲ್ಲ ಕಳೆದುಕೊಂಡು ಗಳಿಸಿದ್ದೇನು? ವ್ಯಾಸದಲ್ಲಿ 3 ಅಂಗುಲ ಹೆಚ್ಚಿದರೆ ಆಕ್ಸಲ್ ಏರುವುದು ಅದರ ಅರ್ಧ, ಒಂದೂವರೆ ಅಂಗುಲ ಮಾತ್ರ. ಕೃಷ್ಣರಾಜನಗರದ ಕಡೆಯ ಗದ್ದೆಗಳಂಥ ಆಳವಾದ ಕೆಸರಿನಲ್ಲಿ ಅಗಲ ಟೈರು ತೇಲಿ ಉಪಕಾರ ಮಾಡಬಹುದು. ಮೇಲೆ ನಾಲ್ಕು ಅಂಗುಲ ರಾಡಿ, ಅಡಿಯಲ್ಲಿ ಗಟ್ಟಿ ನೆಲ ಇರುವ ಕೆಮ್ಮಣ್ಣಿನ ದಾರಿಯಲ್ಲಿ ಕಿರಿದಾದ ಟೈರೇ ರಾಡಿಯನ್ನು ಸೀಳಿ ಗಟ್ಟಿ ನೆಲವನ್ನು ಕಚ್ಚುತ್ತದೆ. ಅಲ್ಲಿ ಬೇಕಾದದ್ದು ಎತ್ತರವಲ್ಲ, ಆಳವಾದ ಕಟ್ಟೆಗಳಿರುವ ಟೈರು.

ಮುಂದಿನ ಜೋಡಿ, ಹಿಂದಿನ ಜೋಡಿ

ನಾಲ್ಕೂ ಗಾಲಿಗೆ ಎಳೆತ ಕೊಟ್ಟಾಗ ಹಳೆಯ ಜೀಪಿನಲ್ಲಿ ಮುಂದಿನ ಶಾಫ್ಟು, ಹಿಂದಿನ ಶಾಫ್ಟು ಒಂದಕ್ಕೊಂದು ಬಿಗಿಯಾಗಿ ಕೂಡಿಕೊಳ್ಳುತ್ತವೆ. ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಹಿಂದೆ ಹೊಸ ಟೈರು, ಮುಂದೆ ಸವೆದ ಟೈರು ಇದ್ದರೆ ಏನಾಗುತ್ತದೆ? ಹಿಂದಿನದು ಒಂದು ಸುತ್ತಿಗೆ 2.20 ಮೀಟರ್, ಮುಂದಿನದು 2.16 ಮೀಟರ್ ಸಾಗುತ್ತದೆ ಎನ್ನೋಣ. ಒಂದು ಕಿಲೋಮೀಟರ್ ಸಾಗಲು ಹಿಂದಿನ ಗಾಲಿ 455 ಸುತ್ತು, ಮುಂದಿನದು 463 ಸುತ್ತು ತಿರುಗಬೇಕು. ಆ ಎಂಟು ಸುತ್ತುಗಳ ಜಗಳ ಕೆಸರಿನಲ್ಲಿ ಟೈರು ಜಾರಿ ತೀರುತ್ತದೆ. ಟಾರು ರಸ್ತೆಯಲ್ಲಿ ಜಾರಲು ಜಾಗವಿಲ್ಲ. ಶಾಫ್ಟು ತಿರುಚಿಕೊಳ್ಳುತ್ತದೆ, ಕಡ್ಡಿ ಸಿಕ್ಕಿಕೊಂಡು ಹೊರಬರುವುದಿಲ್ಲ, ಕೊನೆಗೆ ದುರ್ಬಲವಾದ ಭಾಗ ಮುರಿಯುತ್ತದೆ.

ಎರಡು ಮೂರು ಗಾಡಿಗಳ ಭಾಗ ಸೇರಿಸಿ ಕಟ್ಟಿದ ಜೀಪುಗಳಲ್ಲಿ ಇನ್ನೊಂದು ಅಪಾಯ ಅಡಗಿರಬಹುದು. ಹಿಂದಿನ ಆಕ್ಸಲ್ 5.38, ಮುಂದಿನದು 4.88. ಎರಡು ಗಾಲಿಯ ಎಳೆತದಲ್ಲಿ ಓಡಿಸುವವರೆಗೂ ಇದು ಗೊತ್ತೇ ಆಗುವುದಿಲ್ಲ. ನಾಲ್ಕಕ್ಕೆ ಹಾಕಿದ ದಿನ ಹಿಂದಿನ ಗಾಲಿ 100 ಮೀಟರ್ ಹೋಗುವಷ್ಟರಲ್ಲಿ ಮುಂದಿನದು 110 ಮೀಟರ್ ಹೋಗಲು ಹಟ ಹಿಡಿಯುತ್ತದೆ. ಹಳೆಯ ಜೀಪು ಕೊಳ್ಳುವವರು ಬಣ್ಣ ನೋಡುವ ಮೊದಲು ಇದನ್ನು ನೋಡಬೇಕು.

ಸೀಮೆಸುಣ್ಣ ಮತ್ತು ಟೇಪು

ಪರೀಕ್ಷೆಗೆ ವರ್ಕ್‌ಶಾಪ್ ಬೇಕಿಲ್ಲ. ಗಾಳಿ ಸರಿಯಾಗಿ ತುಂಬಿಸಿದ ಜೀಪನ್ನು ಸಮನೆಲದಲ್ಲಿ ನಿಲ್ಲಿಸಿ, ಟೈರು ನೆಲ ಮುಟ್ಟುವ ಕಡೆ ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಬೇಕು. ಗಾಲಿ ಐದು ಸುತ್ತು ಉರುಳುವವರೆಗೆ ನೇರವಾಗಿ ತಳ್ಳಿ, ದೂರ ಅಳೆದು, ಐದರಿಂದ ಭಾಗಿಸಬೇಕು. ನಾಲ್ಕೂ ಗಾಲಿಗಳ ಉತ್ತರ ಒಂದೇ ಆಗಿರಬೇಕು.

ಆಕ್ಸಲ್ಲಿನ ಪ್ರಮಾಣ ತಿಳಿಯಲು ಒಂದು ಹಿಂದಿನ ಗಾಲಿಯನ್ನು ಮಾತ್ರ ಜಾಕಿನಿಂದ ಎತ್ತಬೇಕು. ಉಳಿದ ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಡುವುದು ಕಡ್ಡಾಯ. ಹಳೆಯ ವಿಲ್ಲೀಸ್ ಮಾದರಿಗಳಲ್ಲಿ ಕೈಬ್ರೇಕ್ ಹಿಡಿಯುವುದು ಶಾಫ್ಟನ್ನು, ಗಾಲಿಯನ್ನಲ್ಲ. ಒಂದು ಗಾಲಿ ಮೇಲೆದ್ದರೆ ಆ ಹಿಡಿತ ನಂಬುವಂತಿಲ್ಲ, ಪರೀಕ್ಷೆಗಂತೂ ಅದನ್ನು ಬಿಡಲೇಬೇಕು. ಗೇರು ನ್ಯೂಟ್ರಲ್‌ನಲ್ಲಿರಲಿ, ಗಾಡಿಯ ಅಡಿಗೆ ಯಾರೂ ನುಸುಳಬಾರದು. ಎತ್ತಿದ ಗಾಲಿಯನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಶಾಫ್ಟಿನ ಮೇಲಿನ ಗುರುತು ಎಷ್ಟು ಸುತ್ತಿತೆಂದು ಪಕ್ಕದಿಂದ ಎಣಿಸಬೇಕು. ಎರಡು ಸುತ್ತು ಏಕೆಂದರೆ, ಇನ್ನೊಂದು ಗಾಲಿ ನಿಂತಿರುವಾಗ ಡಿಫರೆನ್ಷಿಯಲ್ ಲೆಕ್ಕವನ್ನು ಅರ್ಧ ಮಾಡುತ್ತದೆ. ಶಾಫ್ಟು ಐದು ಸುತ್ತು ಮುಗಿಸಿ ಮೂರನೇ ಒಂದು ಭಾಗಕ್ಕಿಂತ ತುಸು ಮುಂದೆ ಹೋದರೆ 5.38. ಐದನೇ ಸುತ್ತು ಮುಗಿಯಲು ಸ್ವಲ್ಪ ಬಾಕಿ ಉಳಿದರೆ 4.88. ಮುಂದಿನ ಆಕ್ಸಲ್ಲಿಗೂ ಇದೇ ಕ್ರಮ, ನಾಲ್ಕು ಗಾಲಿಯ ಎಳೆತ ಮಾತ್ರ ಬಿಟ್ಟಿರಬೇಕು.

ಉತ್ತರ ಸಿಕ್ಕ ಮೇಲೆ ನಿರ್ಧಾರ ಸುಲಭ. ಟೈರು ಎಷ್ಟು ಪಟ್ಟು ದೊಡ್ಡದೋ ಆಕ್ಸಲ್ ಪ್ರಮಾಣವೂ ಅಷ್ಟೇ ಪಟ್ಟು ದೊಡ್ಡದಾಗಬೇಕು. 4.88 ಇರುವ ಜೀಪಿಗೆ 31 ಅಂಗುಲ ಬೇಕೇಬೇಕೆಂದರೆ ಎರಡೂ ಆಕ್ಸಲ್ಲಿಗೆ 5.38ರ ಜೋಡಿ ಹಾಕಿಸಿದರೆ ಹಳೆಯ ಎಳೆತ ಮರಳುತ್ತದೆ, ಸ್ಪೀಡೋಮೀಟರೂ ಸರಿಹೋಗುತ್ತದೆ. ಈಗಾಗಲೇ 5.38 ಇದ್ದರೆ ಬೇಕಾಗುವುದು 5.96, ಅದು ಸುಲಭವಾಗಿ ಕೈಗೆಟುಕುವುದಲ್ಲ. 16ರ ಬದಲು 15 ಅಂಗುಲದ ರಿಮ್ಮು ಬೇಕೆನ್ನುವವರಿಗೆ 215/75 ಆರ್ 15 ಟೈರಿನ ವ್ಯಾಸ 70 ಸೆಂಟಿಮೀಟರ್ ಚಿಲ್ಲರೆ. ಹಳೆಯ 6.00-16 ಸುಮಾರು 71. ಗೇರಿನ ಲೆಕ್ಕ ಕೆಡುವುದಿಲ್ಲ. ಪೆಟ್ರೋಲ್ ಎಂಜಿನ್ ತೆಗೆದು ನಿಧಾನವಾಗಿ ತಿರುಗುವ ಡೀಸೆಲ್ ಎಂಜಿನ್ ಕೂಡಿಸಿದ ಜೀಪುಗಳ ಮಾತು ಬೇರೆ. ಅಲ್ಲಿ 4.88 ಅಥವಾ ತುಸು ದೊಡ್ಡ ಟೈರು ನ್ಯಾಯವಾಗಿಯೇ ಹೊಂದೀತು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. ಆರ್‌ಸಿ ಪುಸ್ತಕ, ಸೀಮೆಸುಣ್ಣ, ಟೇಪು ಇವು ಮೂರನ್ನು ಮೊದಲು ಹೊರತೆಗೆದು, ಹಣದ ಚೀಲವನ್ನು ಕೊನೆಗೆ ತೆಗೆಯುವವನ ಜೀಪು ಮುಂದಿನ ಮಳೆಗಾಲದಲ್ಲೂ ಸೌದೆ ಹೇರಿಕೊಂಡು ದಿಬ್ಬ ಹತ್ತುತ್ತದೆ.