ಸಬ್‌ವೂಫರ್ ಡಬ್ಬಕ್ಕೆ ತೂತು ಯಾಕೆ ಸ್ವಾಮಿ?

ಸಬ್‌ವೂಫರ್ ಅಂದ್ರೆ ಕಿಟಕಿ ಗಾಜು ಗಡಗಡ ಅನ್ನಬೇಕು ಅನ್ನೋರ ಜೊತೆ ನನ್ನದೊಂದು ಜಗಳ. ಅಂಗಡಿಯವರದ್ದೂ ಅದೇ ರಾಗ: "ಪೋರ್ಟ್ ಇರೋದೇ ತಗೊಳ್ಳಿ ಸಾರ್, ಜಾಸ್ತಿ ಬೇಸ್." ಜಾಸ್ತಿ ಸರಿ, ಆದ್ರೆ ಯಾವ ಫ್ರೀಕ್ವೆನ್ಸಿಯಲ್ಲಿ?

ಪೋರ್ಟ್ ಅಂದ್ರೆ ಖಾಲಿ ಬಾಟ್ಲಿ ಬಾಯಿಗೆ ಊದಿದ ಹಾಗೆ. ಗಾಳಿ ಒಂದು ಫ್ರೀಕ್ವೆನ್ಸಿಗೆ ಟ್ಯೂನ್ ಆಗಿರತ್ತೆ. ಅಲ್ಲಿ ಕೋನ್ ಹೆಚ್ಚು ಅಲ್ಲಾಡದೇನೇ ಜೋರು ಸದ್ದು. ಒಪ್ಪಿದೆ, ಲಾಭವೇ. ಅದಕ್ಕಿಂತ ಕೆಳಗೆ ಹೋದ್ರೆ ಮಾತ್ರ ಆಕ್ಟೇವ್‌ಗೆ 24 ಡೆಸಿಬೆಲ್‌ನಂತೆ ಸದ್ದು ಬಿದ್ದುಹೋಗತ್ತೆ, ಗಾಳಿಯ ಹಿಡಿತ ತಪ್ಪಿ ಕೋನ್ ಹುಚ್ಚಾಪಟ್ಟೆ ಕುಣಿಯತ್ತೆ. ಸೀಲ್ಡ್ ಡಬ್ಬದಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗು, ಇಳಿತ 12 ಡೆಸಿಬೆಲ್ ಅಷ್ಟೇ. ಎಡ್ಗರ್ ವಿಲ್ಚರ್ 1954ರಲ್ಲೇ ಎಆರ್-1 ಸ್ಪೀಕರಿನಲ್ಲಿ ಈ ಸ್ಪ್ರಿಂಗನ್ನ ದುಡಿಸಿಕೊಂಡಿದ್ರು.

ಇನ್ನು ನಮ್ಮ ರೂಮುಗಳು! 10ಕ್ಕೆ 12 ಅಡಿ. ಬಾಗಿಲು ಮುಚ್ಚಿದರೆ ಸುಮಾರು 45 ಹರ್ಟ್ಸ್ ಕೆಳಗಿನ ಬೇಸನ್ನ ರೂಮೇ ಎತ್ತಿಕೊಡತ್ತೆ. ಸೀಲ್ಡ್ ಡಬ್ಬದ ನಿಧಾನದ ಇಳಿತಕ್ಕೆ ಹೇಳಿಮಾಡಿಸಿದ ಜೋಡಿ. ಅಲ್ಲಿ 50-60 ಹರ್ಟ್ಸ್‌ಗೆ ಟ್ಯೂನ್ ಮಾಡಿದ ಅಗ್ಗದ ಪೋರ್ಟ್ ಡಬ್ಬ ತಂದಿಟ್ಟರೆ ಮೃದಂಗದ ತೊಪ್ಪಿಯೂ ಒಂದೇ, ಪಕ್ಕದ ಮನೆ ಮಿಕ್ಸಿಯೂ ಒಂದೇ... ಬರೀ ಬುಮ್ಮ್!

ದೊಡ್ಡ ಹಾಲ್, ಡಿಜೆ, ಸಿನಿಮಾದ ಬಾಂಬು? ಪೋರ್ಟೇ ಇರಲಿ, ತಕರಾರಿಲ್ಲ. ಆದ್ರೆ ಡ್ರೈವರ್ ನೋಡದೇ ಡಬ್ಬ ಕೊರೆಯೋದಾದ್ರೆ ಥೀಲ್-ಸ್ಮಾಲ್ ಅಂಕಿಗಳು ಇರೋದು ಯಾತಕ್ಕೆ? ಕ್ಯೂಟಿಎಸ್ 0.5 ದಾಟಿದ ಡ್ರೈವರಿಗೂ ತೂತು ಕೊರೆದು ಮಾರ್ತಾರಲ್ಲ, ಒಮ್ಮೆ ಆ ಅಂಕಿ ಎಷ್ಟು ಅಂತ ಕೇಳಿ ನೋಡಿ. ವ್ಯಾಟ್ಸ್ ಹೇಳ್ತಾರೆ :)