ಮೈಕಿಗೆ ಬೇಕಾದ ಎಕೋ ಗಿಟಾರಿಗೆ ಏಕೆ ಬೇಡ?

ನವೆಂಬರ್ ತಿಂಗಳು ಬಂತೆಂದರೆ ಹೊರನಾಡಿನ ಕನ್ನಡ ಸಂಘಗಳ ವೇದಿಕೆಗಳ ಮೇಲೆ ತಪ್ಪದೆ ಕೇಳಿಬರುವ ಮಾತೊಂದಿದೆ. ಭಾವಗೀತೆ ಹಾಡಲು ನಿಂತವರು ಗಂಟಲು ಸರಿಪಡಿಸಿಕೊಂಡು, ಶ್ರುತಿಪೆಟ್ಟಿಗೆಯತ್ತ ನೋಡುವ ಮೊದಲೇ ಧ್ವನಿವರ್ಧಕದವನ ಕಡೆ ತಿರುಗಿ, "ಭಯ್ಯಾ, ಥೋಡಾ ಎಕೋ ಡಾಲೋ" ಎನ್ನುತ್ತಾರೆ. (ಕನ್ನಡದ ಹಬ್ಬದಲ್ಲಿ ವೇದಿಕೆಯಿಂದ ಹೊರಡುವ ಮೊದಲ ವಾಕ್ಯ ಹಿಂದಿಯದಾಗಿರುವುದನ್ನು ಸದ್ಯಕ್ಕೆ ಬದಿಗಿಡೋಣ.) ಆತ ಒಂದು ತಿರುಪು ತಿರುಗಿಸುತ್ತಾನೆ. ಹಾಡುವವರ ಕಂಠ ಒಂದು ಎರಡಾಗಿ, ಎರಡು ನಾಲ್ಕಾಗಿ ಸಭಾಗೃಹವನ್ನು ತುಂಬುತ್ತದೆ. ಮುಂದಿನ ಸಾಲಿನ ಹಿರಿಯರು ತಲೆದೂಗುತ್ತಾರೆ.

ಅದೇ ವೇದಿಕೆಗೆ ಅದೇ ಮನೆಯ ಹುಡುಗನೋ ಹುಡುಗಿಯೋ ಎಲೆಕ್ಟ್ರಿಕ್ ಗಿಟಾರು ಹಿಡಿದು, ಕಾಲ ಬಳಿ ಒಂದು ಪುಟ್ಟ ಲೋಹದ ಪೆಟ್ಟಿಗೆ ಇಟ್ಟುಕೊಂಡು ಬಂದರೆ ಮಾತ್ರ ಹುಬ್ಬುಗಳು ಗಂಟಿಕ್ಕುತ್ತವೆ. "ಇದೇನು ಸಂಗೀತವೇ? ಬಾರಿಸುವುದೆಲ್ಲ ಯಂತ್ರ, ಇವರದು ಕಾಲಿನಿಂದ ಒದೆಯುವುದಷ್ಟೆ" ಎಂಬ ತೀರ್ಪು ಚಹಾ ಬರುವುದರೊಳಗೆ ಹೊರಬಿದ್ದಿರುತ್ತದೆ. ಈ ತೀರ್ಪನ್ನು ನಾವು ಒಪ್ಪುವುದಿಲ್ಲ. ಮೈಕಿನ ಎಕೋ ಮಾಡುವ ಕೆಲಸವನ್ನೇ ಈ ಡಿಲೇ ಪೆಡಲೂ ಮಾಡುತ್ತದೆ. ವ್ಯತ್ಯಾಸ ಒಂದೇ: ಮೈಕಿನ ಎಕೋಗೆ ಹಾಡುವವರು ಏನನ್ನೂ ಕಲಿಯಬೇಕಿಲ್ಲ, ಪೆಡಲಿಗೆ ಬಾರಿಸುವವರು ಕಲಿಯಲೇಬೇಕು. ಕಲಿಯದೆ ಪಡೆದದ್ದಕ್ಕೆ ಚಪ್ಪಾಳೆ, ಕಲಿತು ಮಾಡಿದ್ದಕ್ಕೆ ತಿರಸ್ಕಾರ, ಇದು ಯಾವ ನ್ಯಾಯ?

ಪೆಡಲನ್ನು ಹತ್ತಿರದಿಂದ ನೋಡದವರಿಗಾಗಿ ಎರಡು ಮಾತು. ವಿಜಯಪುರದ ಗೋಲಗುಮ್ಮಟವನ್ನು ನೋಡದ ಕನ್ನಡಿಗರು ವಿರಳ. ಮುಹಮ್ಮದ್ ಆದಿಲ್ ಶಾಹನ ಆ ಸಮಾಧಿಯ ಪಿಸುಗುಟ್ಟುವ ಮೊಗಸಾಲೆಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಅದು ಹಲವು ಬಾರಿ ಮರಳಿ ಬರುತ್ತದೆ. ಒಳಗಿನ ವ್ಯಾಸ ಸುಮಾರು 38 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರು ಗೋಡೆಗೆ ಹೋಗಿ ಬರಲು 76 ಮೀಟರ್, ಅಂದರೆ ಸುಮಾರು 220 ಮಿಲಿಸೆಕೆಂಡು. ಆದಿಲ್ ಶಾಹನ ಕಟ್ಟಡದವರು ಕಲ್ಲು ಗಾರೆಗಳಲ್ಲಿ ಕಟ್ಟಿದ ಈ ಅಂತರವನ್ನು ಇನ್ನು ಯಾರೂ ಬದಲಿಸಲಾರರು. ಪೆಡಲೆಂದರೆ ವ್ಯಾಸವನ್ನು ಬೇಕೆಂದಂತೆ ಹಿಗ್ಗಿಸಿ ಕುಗ್ಗಿಸಬಹುದಾದ ಗುಮ್ಮಟ, ಅಂಗೈ ಮೇಲೆ ನಿಲ್ಲುವಷ್ಟು ಚಿಕ್ಕದು.

ಇದು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. 1950ರ ದಶಕದಲ್ಲಿ ಅಮೆರಿಕೆಯ ಧ್ವನಿಮುದ್ರಣ ಶಾಲೆಗಳಲ್ಲಿ ಇದನ್ನು ಟೇಪಿನಿಂದ ಮಾಡುತ್ತಿದ್ದರು. ಬರೆಯುವ ತಲೆಗೂ ಓದುವ ತಲೆಗೂ ನಡುವೆ 2 ಅಂಗುಲ ಅಂತರವಿದ್ದು ಟೇಪು ಸೆಕೆಂಡಿಗೆ 15 ಅಂಗುಲ ಓಡಿದರೆ ಮರುದನಿ 133 ಮಿಲಿಸೆಕೆಂಡು ತಡವಾಗಿ ಬರುತ್ತದೆ. ಮೆಂಫಿಸಿನ ಸನ್ ಸ್ಟುಡಿಯೋದ ಹಳೆಯ ಮುದ್ರಿಕೆಗಳಲ್ಲಿ ಕೇಳುವ ಆ ಗುಟುಕು ಪ್ರತಿಧ್ವನಿ ಇಂಥದ್ದೇ. ಇಟಲಿಯ ಬಿನ್ಸನ್ ಕಂಪನಿ ಟೇಪಿನ ಬದಲು ತಿರುಗುವ ಕಾಂತೀಯ ಚಕ್ರವನ್ನು ಬಳಸಿತು. 1969ರಲ್ಲಿ ಫಿಲಿಪ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ಬಕೆಟ್ ಬ್ರಿಗೇಡ್ ಎಂಬ ಮಂಡಲ ಹುಟ್ಟಿತು. ಹೆಸರೇ ಎಲ್ಲವನ್ನೂ ಹೇಳುತ್ತದೆ. ಊರಿನಲ್ಲಿ ಬಣವೆಗೆ ಬೆಂಕಿ ಬಿದ್ದಾಗ ಬಾವಿಯಿಂದ ಬಣವೆಯವರೆಗೆ ಸಾಲಾಗಿ ನಿಂತು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುತ್ತಿರಲಿಲ್ಲವೇ, ಹಾಗೆಯೇ ಇಲ್ಲಿ ಸಾವಿರಾರು ಪುಟ್ಟ ಕೆಪ್ಯಾಸಿಟರುಗಳು ದನಿಯ ತುಣುಕನ್ನು ಒಂದರಿಂದ ಒಂದಕ್ಕೆ ದಾಟಿಸುತ್ತವೆ. ಕೈ ಬದಲಾದಂತೆಲ್ಲ ಕೊಡದಿಂದ ಒಂದಿಷ್ಟು ನೀರು ಚೆಲ್ಲುವಂತೆ ದನಿಯ ಹೊಳಪೂ ಒಂದಿಷ್ಟು ಚೆಲ್ಲುತ್ತದೆ. ಅನಲಾಗ್ ಡಿಲೇಯ ಮರುದನಿ ಮಬ್ಬಾಗಿ, ಹಿತವಾಗಿ ಕೇಳುವುದು ಇದರಿಂದ. 1983ರಲ್ಲಿ ಜಪಾನಿನ ಬಾಸ್ ಕಂಪನಿ ದನಿಯನ್ನು ಅಂಕಿಗಳನ್ನಾಗಿಸಿ ನೆನಪಿಟ್ಟುಕೊಳ್ಳುವ ಡಿಡಿ-2 ಪೆಡಲನ್ನು ತಂದಿತು. ಅದರ ಗರಿಷ್ಠ ಅವಧಿ 800 ಮಿಲಿಸೆಕೆಂಡು. ಇಂದಿನವು ಹಲವು ಸೆಕೆಂಡುಗಳವರೆಗೆ ಹೋಗುತ್ತವೆ.

ಈಗ ಕಲಿಕೆಯ ವಿಷಯಕ್ಕೆ ಬರೋಣ. ಎಂಥ ದುಬಾರಿ ಪೆಡಲಾದರೂ ಮೂಲದಲ್ಲಿ ಮೂರೇ ತಿರುಪುಗಳು. ಮರುದನಿ ಎಷ್ಟು ಹೊತ್ತಿನ ಮೇಲೆ ಬರಬೇಕು, ಎಷ್ಟು ಸಲ ಬರಬೇಕು, ಮೂಲದನಿಯ ಪಕ್ಕದಲ್ಲಿ ಎಷ್ಟು ಜೋರಾಗಿ ಕೇಳಬೇಕು. ಎರಡನೆಯದನ್ನು ಫೀಡ್‌ಬ್ಯಾಕ್ ಎನ್ನುತ್ತಾರೆ. ಹೊರಟ ದನಿಯ ಅರ್ಧವನ್ನು ಮತ್ತೆ ಒಳಗೆ ಕಳಿಸಿದರೆ ನೂರು ಐವತ್ತಾಗಿ, ಐವತ್ತು ಇಪ್ಪತ್ತೈದಾಗಿ, ನಾಲ್ಕೈದು ಸುತ್ತಿನಲ್ಲಿ ಕರಗುತ್ತದೆ. ಕಳಿಸಿದ್ದಕ್ಕಿಂತ ಹೆಚ್ಚು ಮರಳುವಂತೆ ತಿರುಪನ್ನು ತುದಿಗೆ ತಿರುಗಿಸಿದಿರೋ, ಅಲ್ಲಿಗೆ ಚಕ್ರಬಡ್ಡಿ ಆರಂಭವಾಯಿತೆಂದೇ ತಿಳಿಯಿರಿ. ದನಿ ಬೆಳೆದು ಬೆಳೆದು ಊಳಿಡತೊಡಗುತ್ತದೆ. ಬ್ಯಾಂಕುಗಳಲ್ಲಿ ದುಡಿದು ನಿವೃತ್ತರಾದ ನಮ್ಮ ಸಂಘದ ಹಿರಿಯರಿಗೆ ಇದನ್ನು ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ನಿಜವಾದ ವಿದ್ಯೆ ಇರುವುದು ಮೊದಲನೆಯ ತಿರುಪಿನಲ್ಲಿ. ಹಾಡಿನ ನಡೆ ನಿಮಿಷಕ್ಕೆ 120 ಎಣಿಕೆಯೆನ್ನಿ. 60,000 ಮಿಲಿಸೆಕೆಂಡನ್ನು 120ರಿಂದ ಭಾಗಿಸಿದರೆ ಒಂದು ಎಣಿಕೆಗೆ 500. ಅದರ ಅರ್ಧ 250. ಅದರ ಮುಕ್ಕಾಲು 375. ಈ ಮುಕ್ಕಾಲೇ ಪಾಶ್ಚಾತ್ಯ ಗಿಟಾರುಗಾರರು ಚುಕ್ಕೆಯಿಟ್ಟ ಎಂಟನೆಯ ಸ್ವರ ಎನ್ನುವುದು. ಐರ್ಲೆಂಡಿನ ಯೂ-ಟೂ ತಂಡದ ಎಡ್ಜ್ ಎಂಬ ಗಿಟಾರುಗಾರ ಜಗತ್ತಿಗೆಲ್ಲ ಪರಿಚಯಿಸಿದ್ದು. ಎಣಿಕೆಯೊಂದನ್ನು ಚತುರಶ್ರವಾಗಿ ನಾಲ್ಕು ಮಾತ್ರೆ ಮಾಡಿ, ಒಂದನೆಯ ಮತ್ತು ಮೂರನೆಯ ಮಾತ್ರೆಯಲ್ಲಷ್ಟೇ ತಂತಿ ಮೀಟಿ. ಪ್ರತಿಯೊಂದು ಮೀಟಿನ ಮರುದನಿ ಮೂರು ಮಾತ್ರೆ ಕಳೆದು ಬರುತ್ತದೆ. ಒಂದನೆಯದರದು ನಾಲ್ಕನೆಯ ಮಾತ್ರೆಯಲ್ಲಿ ಬಿತ್ತು. ಮೂರನೆಯದರದು ಮುಂದಿನ ಎಣಿಕೆಯ ಎರಡನೆಯ ಮಾತ್ರೆಯಲ್ಲಿ. ಹೀಗೆ ಮೀಟದೆ ಬಿಟ್ಟ ಒಂದೊಂದು ಮನೆಯಲ್ಲೂ ಮರುದನಿ ಬಂದು ಕೂರುತ್ತದೆ. ಕೈ ಬಾರಿಸಿದ್ದು ಎರಡು, ಕಿವಿ ಕೇಳಿದ್ದು ನಾಲ್ಕು. ಕಾಲು, ಅರೆ, ಮುಕ್ಕಾಲರ ಮಗ್ಗಿಯನ್ನು ಬೆತ್ತದ ಭಯದಲ್ಲಿ ಬಾಯಿಪಾಠ ಮಾಡಿದ ಅಜ್ಜಂದಿರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಅವರ ಮೊಮ್ಮಕ್ಕಳು ಆ ಮಗ್ಗಿಯ ಹೆಸರನ್ನೂ ಕೇಳಿಲ್ಲ. ಅಜ್ಜನಿಗೆ ಪೆಡಲು ತಿಳಿಯದು, ಮೊಮ್ಮಗನಿಗೆ ಮುಕ್ಕಾಲು ತಿಳಿಯದು. ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸುವ ಕೆಲಸ ಸಂಘದ್ದಲ್ಲದಿದ್ದರೆ ಇನ್ನಾರದು?

ಯಂತ್ರ ಬಾರಿಸುತ್ತದೆ ಎಂಬ ಆಕ್ಷೇಪಕ್ಕೆ ಉತ್ತರವೂ ಇಲ್ಲಿಯೇ ಇದೆ. ಪೆಡಲಿಗೆ ದಾಕ್ಷಿಣ್ಯವಿಲ್ಲ. 375ಕ್ಕೆ ಕಟ್ಟಿದ ಮೇಲೆ ಅದು 375ಕ್ಕೇ ಮರಳುತ್ತದೆ. ನೀವು ನಡೆಯನ್ನು 110ಕ್ಕೆ ಇಳಿಸಿಬಿಟ್ಟರೆ ಮುಕ್ಕಾಲು ಇರಬೇಕಾದದ್ದು 409. ಮರುದನಿ 34 ಮಿಲಿಸೆಕೆಂಡು ಮೊದಲೇ ಬಂದು ಹಾಡು ಕುಂಟುತ್ತದೆ, ಕುಂಟಿದ್ದು ಸಭೆಗೆಲ್ಲ ಕೇಳುತ್ತದೆ. ತಬಲಾದವರು ಗಾಯಕರ ತಪ್ಪನ್ನು ಮುಚ್ಚಿಕೊಂಡು ಹೋಗುವುದುಂಟು, ಪೆಡಲು ಮುಚ್ಚುವುದಿಲ್ಲ. ಲಯ ಕಲಿಸಲು ಇದಕ್ಕಿಂತ ನಿಷ್ಠುರ ಮೇಷ್ಟರು ಸಿಕ್ಕುವುದು ಕಷ್ಟ. ಎಕೋ ಹಾಕಿಸಿಕೊಂಡ ಮೈಕು ಇದಕ್ಕೆ ವಿರುದ್ಧ. ಅಲ್ಲಿ ಎಕೋಗೂ ಹಾಡಿನ ನಡೆಗೂ ಸಂಬಂಧವಿರುವುದೇ ಅಪರೂಪ, ಅಪಸ್ವರದ ಮೇಲೆ ಹೊದಿಸಿದ ಕಂಬಳಿ ಅದು. ಯಾರದು ಚಮತ್ಕಾರ, ಯಾರದು ಸಾಧನೆ ಎಂಬುದನ್ನು ಓದುಗರೇ ನಿರ್ಧರಿಸಲಿ.

"ನಮ್ಮ ಸಂಸ್ಕೃತಿಯದ್ದಲ್ಲ" ಎಂಬ ಇನ್ನೊಂದು ಆಕ್ಷೇಪವಿದೆ. ಹೀಗೆನ್ನುವವರು ಪ್ರತಿ ಶನಿವಾರ ಯಾವ ವಾದ್ಯ ಇಟ್ಟುಕೊಂಡು ಭಜನೆ ಮಾಡುತ್ತಾರೆ? ಹಾರ್ಮೋನಿಯಂ. ಯುರೋಪಿನಿಂದ ಬಂದ ಅದನ್ನು ಆಕಾಶವಾಣಿ 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ಅಷ್ಟರಲ್ಲಿ ನಮ್ಮ ಕಂಪನಿ ನಾಟಕಗಳು ಅದನ್ನು ಕಾಲಿನಿಂದ ತುಳಿದು, ಕೈಯಿಂದ ನುಡಿಸಿ, ನಮ್ಮದಾಗಿಸಿಕೊಂಡಿದ್ದವು. ಕಾಲಿನ ಕೆಲಸ ಅಂದು ಯಾರಿಗೂ ಅಪಚಾರವೆನಿಸಲಿಲ್ಲ! ಬ್ಯಾಂಡಿನವರ ವಾದ್ಯವೆನಿಸಿದ್ದ ಸ್ಯಾಕ್ಸೊಫೋನನ್ನು ಕರಾವಳಿಯ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ ಮಾರುಹೋಗಿ ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. 2019ರಲ್ಲಿ ಅವರು ತೀರಿಕೊಂಡಾಗ ಕಣ್ಣೀರಿಟ್ಟವರಲ್ಲಿ ನಮ್ಮ ಈ ಆಕ್ಷೇಪಕರೂ ಇದ್ದರು. ಶಿಶುನಾಳ ಶರೀಫರ ಪದಗಳನ್ನು ರಘು ದೀಕ್ಷಿತರು ಗಿಟಾರಿನೊಂದಿಗೆ ಹಾಡಿದ ಮೇಲೆ, ಕನ್ನಡ ಓದಲು ಬಾರದ ನಮ್ಮ ಮಕ್ಕಳೂ ಅವನ್ನು ಗುನುಗಿದರು. ವಾದ್ಯಕ್ಕೆ ಕುಲವಿಲ್ಲ ಸ್ವಾಮಿ, ಬಾರಿಸುವವರ ಶ್ರದ್ಧೆಗಷ್ಟೇ ಇರುವುದು.

ಹಿರಿಯರೊಡನೆ ಮಾತ್ರ ನಮ್ಮ ಜಗಳವೆಂದು ಕಿರಿಯರು ಹಿಗ್ಗಬೇಕಿಲ್ಲ. ಪೆಡಲು ಕೊಳ್ಳುವುದೇ ಕಲಿಯುವುದೆಂದು ತಿಳಿದ ತಂದೆತಾಯಿಗಳು ಈ ನಗರದಲ್ಲಿ ಎಷ್ಟೋ ಮಂದಿ. ನೂರಾರು ಪ್ರೀಸೆಟ್ಟುಗಳನ್ನು ತುಂಬಿಕೊಂಡು ಬರುವ ದೊಡ್ಡ ಪೆಡಲನ್ನು ಕೊಡಿಸಿ, ಮಗ ಒಂದೊಂದೇ ಗುಂಡಿ ಒತ್ತುತ್ತಾ ಹೋಗುವುದನ್ನು ಸಾಧನೆಯೆಂದು ನೆಂಟರಿಗೆ ತೋರಿಸುತ್ತಾರೆ. ಕಾರ್ಖಾನೆಯವರು ತುಂಬಿಟ್ಟ ಪ್ರೀಸೆಟ್ಟು ಹೋಟೆಲಿನ ಊಟದಂತೆ. ಹೊಟ್ಟೆ ತುಂಬುತ್ತದೆ, ಅಡುಗೆ ಬರುವುದಿಲ್ಲ. 375 ಎಂಬ ಅಂಕಿಯನ್ನೇ ನೋಡಿ. 120ರ ನಡೆಯ ಹಾಡಿಗೆ ಅದು ಮುಕ್ಕಾಲು. ನಿಮಿಷಕ್ಕೆ 80 ಎಣಿಕೆಯ ಭಾವಗೀತೆಗೆ ಒಂದು ಎಣಿಕೆ 750, ಹಾಗಾಗಿ ಅದೇ 375 ಅಲ್ಲಿ ಬರೀ ಅರ್ಧ. ಅಂಕಿಯನ್ನು ಉರುಹೊಡೆದ ಹುಡುಗ ಎರಡನೆಯ ಹಾಡಿನಲ್ಲಿ ಆ ತುಂಬುವಿಕೆ ಏಕೆ ಬರುತ್ತಿಲ್ಲವೆಂದು ಪೆಡಲನ್ನು ಬೈಯುತ್ತಾನೆ. ಕುಣಿಯಲಾರದವರಿಗೆ ನೆಲ ಡೊಂಕು.

ಆದ್ದರಿಂದ ಕಲಿಕೆಗೆ ಒಂದು ಕ್ರಮ ಬೇಕು. ಮೊದಲು ಮೂರೇ ತಿರುಪಿನ ಪೆಡಲು, ಕಿವಿ, ಕಾಗದ, ಪೆನ್ಸಿಲು. ಆಮೇಲೆ ಟ್ಯಾಪ್ ಸ್ವಿಚ್ಚು: ಎಣಿಕೆಗೆ ಸರಿಯಾಗಿ ಕಾಲಿನಿಂದ ನಾಲ್ಕು ಸಲ ತಟ್ಟಿದರೆ ಪೆಡಲು ನಡೆಯನ್ನು ಹಿಡಿಯುತ್ತದೆ, ಭಾಗವನ್ನು ಮುಕ್ಕಾಲಿಗೆ ಇಟ್ಟಿದ್ದರೆ ತಟ್ಟಬೇಕಾದ್ದು ಪೂರ್ಣ ಎಣಿಕೆಯನ್ನೇ ಹೊರತು ಮುಕ್ಕಾಲನ್ನಲ್ಲ, ಭಾಗಾಕಾರ ಅದರ ಕೆಲಸ. ಕೊನೆಗೆ ಪ್ರೋಗ್ರಾಮು. ಒಂದೊಂದು ಹಾಡಿಗೂ ನಡೆ, ಭಾಗ, ಮರುಕಳಿಕೆ, ಮಟ್ಟ ಇವನ್ನು ಕಾಗದದಲ್ಲಿ ಬರೆದು, ಪೆಡಲಿನಲ್ಲಿ ಕೂಡಿಸಿ, ಕೇಳಿ, ತಿದ್ದಿ, ಆಮೇಲೆ ಉಳಿಸುವುದು. ಉಳಿಸುವ ಗುಂಡಿ ಒತ್ತದೆ ಕರೆಂಟು ತೆಗೆದರೆ ಸಂಜೆಯ ಕೆಲಸವೆಲ್ಲ ನೀರುಪಾಲು. ಮನೆಯಲ್ಲಿ ಹಿತವಾಗಿದ್ದ ಮಟ್ಟ ಸಭಾಗೃಹದಲ್ಲಿ ಹೆಚ್ಚೆನಿಸುತ್ತದೆ, ಏಕೆಂದರೆ ಅಲ್ಲಿ ಗೋಡೆಗಳೂ ತಮ್ಮ ಪಾಲಿನ ಮರುದನಿ ಸೇರಿಸುತ್ತವೆ. ಹಾಡುಗಳ ನಡುವಿನ ಬಿಡುವಿನಲ್ಲಿ ಮೂರನೆಯ ತಿರುಪನ್ನು ಸ್ವಲ್ಪ ಇಳಿಸುವ ವಿವೇಕ ಯಾವ ಪ್ರೀಸೆಟ್ಟಿನಲ್ಲೂ ಬರೆದಿರುವುದಿಲ್ಲ.

ಜೋಡಣೆಯಲ್ಲೂ ತಿಳಿಯಬೇಕಾದದ್ದಿದೆ. ದನಿಯನ್ನು ಒರಟಾಗಿಸುವ ಡಿಸ್ಟಾರ್ಶನ್ ಮೊದಲು, ಡಿಲೇ ಅದರ ನಂತರ. ಹಿಂದುಮುಂದಾದರೆ ಮರುದನಿಗಳೆಲ್ಲ ಒಟ್ಟಿಗೆ ಅರೆದು ರುಬ್ಬಿದ ಚಟ್ನಿಯಾಗುತ್ತವೆ. ಆಂಪ್ಲಿಫೈಯರಿನಿಂದಲೇ ಒರಟುತನ ತೆಗೆಯುವುದಾದರೆ ಡಿಲೇಯನ್ನು ಅದರ ಬೆನ್ನಿನ ಎಫೆಕ್ಟ್ಸ್ ಲೂಪಿನಲ್ಲಿ ಕೂಡಿಸಬೇಕು. ವಿದ್ಯುತ್ತಿನದು ಇನ್ನೂ ಮುಖ್ಯ. ಪೆಡಲುಗಳಿಗೆ ಬೇಕಾದ್ದು ಸಾಮಾನ್ಯವಾಗಿ 9 ವೋಲ್ಟು, ಪಿನ್ನಿನ ನಡುವೆ ಋಣ. ಮನೆಯ ಇಂಟರ್ನೆಟ್ ರೂಟರಿನ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ನಡುವೆ ಧನ, ವೋಲ್ಟೂ ಬೇರೆ. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯವ "ಚಲ್ ಜಾಯೇಗಾ" ಎಂದರೂ ಪೆಡಲಿನ ಬೆನ್ನಿನ ಚಿತ್ರ ನೋಡದೆ ಚುಚ್ಚಬೇಡಿ. ಪ್ರೋಗ್ರಾಮ್ ಮಾಡುವ ಡಿಲೇಗೆ ಹಲವೊಮ್ಮೆ ನೂರು, ಇನ್ನೂರು ಮಿಲಿಆಂಪಿಯರಿಗೂ ಮೀರಿ ವಿದ್ಯುತ್ತು ಬೇಕು. ಅಷ್ಟು ಕೊಡಲಾರದ ಅಡಾಪ್ಟರಿನಿಂದ ಗೊರಗೊರ ಸದ್ದು ಬಂದರೆ ಅದು ಪೆಡಲಿನ ದೋಷವಲ್ಲ.

ಇಷ್ಟನ್ನೂ ಕಲಿಸುವುದು ಕನ್ನಡದಲ್ಲೇ ಆಗಬೇಕೆಂಬುದು ನಮ್ಮ ಹಟ. ಪೆಡಲಿನ ಕೈಪಿಡಿ ಇಂಗ್ಲಿಷಿನಲ್ಲಿರುತ್ತದೆ, ಪರದೆಯ ಮೇಲೆ ಕಲಿಸುವವರು ಇಂಗ್ಲಿಷ್, ಹಿಂದಿಗಳಲ್ಲಿ ಕಲಿಸುತ್ತಾರೆ. ನಮ್ಮ ಮಕ್ಕಳಿಗೆ ಕನ್ನಡವೆಂದರೆ ಊಟಕ್ಕೆ ಬಾ, ಪರೀಕ್ಷೆ ಯಾವಾಗ, ಅಜ್ಜಿಗೆ ಫೋನು ಮಾಡು, ಇಷ್ಟರಲ್ಲಿ ಮುಗಿದುಹೋಗುವ ಭಾಷೆಯಾಗಿದೆ. ತಾವು ಮೆಚ್ಚಿದ ಕೆಲಸದ ಬಗ್ಗೆ ಅವರು ಕನ್ನಡದಲ್ಲಿ ಒಂದು ವಾದವನ್ನೂ ಮಾಡಿದವರಲ್ಲ. "ಮರುದನಿ ಮುಂಚೆ ಬಂತು", "ಮುಕ್ಕಾಲಿಗಲ್ಲ, ಅರ್ಧಕ್ಕೆ ಕಟ್ಟು", "ಇಷ್ಟು ಜೋರು ಬೇಡ, ಹಾಡು ಮುಚ್ಚಿಹೋಯ್ತು" ಎಂದು ಎರಡು ಗಂಟೆ ಕನ್ನಡದಲ್ಲಿ ಜಗಳವಾಡಲಿ. ವರ್ಷಕ್ಕೊಮ್ಮೆ ಬಾಯಿಪಾಠ ಮಾಡಿಸುವ ಸ್ವಾಗತ ಭಾಷಣಕ್ಕಿಂತ ಹೆಚ್ಚು ಕನ್ನಡ ಅದರಿಂದ ಉಳಿಯುತ್ತದೆ. ಹೆಸರುಗಳನ್ನೆಲ್ಲ ಅನುವಾದಿಸಬೇಕೆಂದು ನಾವು ಹೇಳುತ್ತಿಲ್ಲ. ಡಿಲೇಯನ್ನು ವಿಳಂಬವೆನ್ನಲು ಹೊರಟರೆ ಸಂಗೀತದಲ್ಲಿ ಆಗಲೇ ಬೇರೆ ಅರ್ಥವಿರುವ ಮಾತಿಗೆ ತೊಡಕು ತಂದಂತೆ. ಡಿಲೇ ಡಿಲೇಯಾಗಿಯೇ ಇರಲಿ, ಅದರ ಸುತ್ತಲಿನ ವಾಕ್ಯ ಕನ್ನಡದ್ದಾಗಿರಲಿ.

ಹಣವೆಲ್ಲಿ ಎಂದು ಕೇಳುತ್ತಾರೆ. ವಾರ್ಷಿಕೋತ್ಸವದ ಹಾರ, ಶಾಲು, ನೆನಪಿನ ಕಾಣಿಕೆಗಳ ಖರ್ಚಿನ ಒಂದು ಪಾಲಿನಲ್ಲಿ ಒಂದು ಸಣ್ಣ ಆಂಪ್ಲಿಫೈಯರು, ಒಂದು ಸಾದಾ ಪೆಡಲು, ಸರಿಯಾದ ಅಡಾಪ್ಟರು ಬರುತ್ತವೆ. ಗಿಟಾರು ಮಕ್ಕಳೇ ತರುತ್ತಾರೆ. ಕಲಿಸಲು ಹೊರಗಿನವರನ್ನು ಹುಡುಕಬೇಕಿಲ್ಲ. ಕಾಲೇಜು ತಂಡಗಳಲ್ಲಿ ಬಾರಿಸಿ ಈಗ ಕಂಪ್ಯೂಟರ್ ಕಂಪನಿಗಳಲ್ಲಿರುವ ನಮ್ಮವರೇ ಇಬ್ಬರು ಮೂವರು ಬಾಯಿಬಿಟ್ಟು ಕರೆದರೆ ಬರುತ್ತಾರೆ. ಮುಕ್ಕಾಲರ ಮಗ್ಗಿ ಹೇಳಿಕೊಡಲು ಹಿರಿಯರೊಬ್ಬರು ಬೇಕು, ಅದಕ್ಕೂ ಅರ್ಜಿ ಹಾಕುವವರಿದ್ದಾರೆಂದು ಬಲ್ಲೆವು.

ಗದ್ದಲವಾಗುತ್ತದೆ, ಮೇಲಿನ ಮಹಡಿಯವರು ದೂರು ಕೊಡುತ್ತಾರೆ ಎಂಬುದು ಉಳಿದ ಕೊನೆಯ ಆಕ್ಷೇಪ. ಈಗಿನ ಚಿಕ್ಕ ಆಂಪ್ಲಿಫೈಯರುಗಳಲ್ಲಿ ಬಹುಪಾಲಿಗೆ ಹೆಡ್‌ಫೋನಿನ ತೂತು ಇರುತ್ತದೆ. ಹೆಡ್‌ಫೋನು ಹಾಕಿಕೊಂಡು ಬಾರಿಸಿದರೆ ಪಕ್ಕದ ಕುರ್ಚಿಯವರಿಗೆ ಕೇಳುವುದು ತಂತಿಯ ಟಿಕ್ ಟಿಕ್ ಸದ್ದಷ್ಟೆ. ಗ್ರಂಥಾಲಯದ ಪಕ್ಕದ ಕೋಣೆ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಬೀಗ ಹಾಕಿಯೇ ಇರುತ್ತದೆ. ಬೀಗದ ಕೈ ಯಾರ ಬಳಿಯಿದೆಯೆಂದು ಕಾರ್ಯಕಾರಿ ಸಮಿತಿಯವರು ಈ ಸಂಚಿಕೆ ಕೈಸೇರಿದ ವಾರದೊಳಗೆ ತಿಳಿಸಿದರೆ ಉಳಿದ ಏರ್ಪಾಡನ್ನು ನಾವು ನೋಡಿಕೊಳ್ಳುತ್ತೇವೆ.