ಹಳ್ಳಿಯ ದವಾಖಾನೆಗೆ ಎರಡನೆಯ ಡಾಕ್ಟರರು

ಏಕೀಕರಣವಾದ ಮರುವರ್ಷವೇ, 1957ರಲ್ಲಿ, ಹುಬ್ಬಳ್ಳಿಗೆ ವೈದ್ಯಕೀಯ ಮಹಾವಿದ್ಯಾಲಯವು ಬಂದಿತು. ಆ ಲಾಭವನ್ನು ನಾವು ಮರೆತಿಲ್ಲ. ಆದರೆ ಉಪ್ಪಿನಬೆಟಗೇರಿಯಂಥ ಊರಿನ ಗರ್ಭಿಣಿಗೆ ನಡುರಾತ್ರಿ ಬೇನೆ ಬಂದರೆ ಹುಬ್ಬಳ್ಳಿಯ ಹಿರಿಮೆಯು ಅವಳನ್ನು ಕಾಯಲಾರದು. ಸಮೀಪದ ದವಾಖಾನೆಯಲ್ಲಿ ಡಾಕ್ಟರರು ಇರುವರೋ ಇಲ್ಲವೋ ಎಂಬುದೇ ಅವಳ ಪಾಲಿನ ಸರಕಾರ.

ದೇಶವಿನ್ನೂ ಪರಾಧೀನವಿದ್ದ 1946ರಲ್ಲಿಯೇ ಭೋರ್ ಸಮಿತಿಯು 40,000 ಜನರ ಆರೋಗ್ಯ ಕೇಂದ್ರಕ್ಕೆ ಇಬ್ಬರು ಡಾಕ್ಟರರನ್ನು ಬೇಡಿತ್ತು. ಸ್ವತಂತ್ರ ಭಾರತದ 2012ರ ಮಾನದಂಡವಾದರೋ ಬಯಲುನಾಡಿನ 30,000 ಜನರ ಕೇಂದ್ರಕ್ಕೆ ಒಬ್ಬರೇ ಅವಶ್ಯವೆಂದಿತು! ಹಗಲೆಲ್ಲ ರೋಗಿಗಳನ್ನು ನೋಡಿ, ಸಭೆಗಳಿಗೆ ಹೋಗಿ, ವರದಿ ಬರೆದು, ಇರುಳೂ ಎಚ್ಚರವಿರಬೇಕೆನ್ನುವದು ಯಾವ ನ್ಯಾಯ? ಡಾಕ್ಟರರು ಹಳ್ಳಿಯಲ್ಲಿ ನಿಲ್ಲುವದಿಲ್ಲವೆಂದು ದೂರುವವರು ಮೊದಲು ಈ ಲೆಕ್ಕವನ್ನು ನೋಡಲಿ.

2008ರ ರಾಜ್ಯೋತ್ಸವದಂದು ಆರಂಭವಾದ 108 ವಾಹನವು ದೊಡ್ಡ ಉಪಕಾರವೇ ಸರಿ. ಆದರೆ ಅದು ರೋಗಿಯನ್ನು ಪಟ್ಟಣಕ್ಕೆ ಒಯ್ಯುವದೇ ಹೊರತು ಡಾಕ್ಟರರನ್ನು ಹಳ್ಳಿಗೆ ತರುವದಿಲ್ಲ.

ಪ್ರತಿ ಗ್ರಾಮೀಣ ಕೇಂದ್ರಕ್ಕೂ ಎರಡನೆಯ ಡಾಕ್ಟರರ ಹುದ್ದೆ, ಅವರಿಬ್ಬರಿಗೂ ಅಲ್ಲಿಯೇ ವಾಸಕ್ಕೆ ಯೋಗ್ಯವಾದ ಮನೆ: ಇವೆರಡಕ್ಕೆ ಮುಂದಿನ ಮುಂಗಡಪತ್ರದಲ್ಲಿ ಎಷ್ಟು ಹಣ ತೆಗೆದಿಡುವಿರೆಂದು ನಮ್ಮ ಭಾಗದ ಶಾಸಕರು ವಿಧಾನಸಭೆಯಲ್ಲಿ ಕೇಳಬೇಕು. ಅವರು ಕೇಳಿದರೋ ಇಲ್ಲವೋ ಎಂಬುದನ್ನು ವಾಚಕರು ವಿಚಾರಿಸಬೇಕು.